ಒಂದೇ ಥರ ಹತ್ತು ಲ್ಯಾಪ್: ಆನ್‌ಲೈನ್ ಸಿಮ್ ರೇಸಿಂಗ್‌ನಲ್ಲಿ ವೇಗಕ್ಕೂ ಮೊದಲು ಕಲಿಯಬೇಕಾದದ್ದು

ನನ್ನ ಹತ್ತಿರ ಇನ್ನೂರು ಪುಟದ ಒಂದು ಹಳೇ ನೋಟ್‌ಬುಕ್ ಇದೆ. ಅದರ ಎದುರುಬದುರು ಪುಟಗಳಲ್ಲಿ ಎರಡು ದಿನದ ಲೆಕ್ಕ ಬರೆದಿಟ್ಟಿದ್ದೇನೆ. ಎರಡೂ ದಿನ ಒಂದೇ ಕಾರು, ಒಂದೇ ಟ್ರ್ಯಾಕ್: ಸ್ಟೀರಿಂಗ್, ಪೆಡಲ್ ಇಟ್ಟುಕೊಂಡು ಕಂಪ್ಯೂಟರ್‌ನಲ್ಲಿ ಆಡುವ ಐರೇಸಿಂಗ್ ಅನ್ನುವ ಆನ್‌ಲೈನ್ ರೇಸಿಂಗ್ ಆಟದ ಮಾಜ್ಡಾ ಎಂಎಕ್ಸ್-5, ಅಮೆರಿಕದ ಕನೆಟಿಕಟ್‌ನಲ್ಲಿರುವ ಲೈಮ್ ರಾಕ್ ಪಾರ್ಕ್. ಎರಡೂ ದಿನ ಹತ್ತತ್ತು ಲ್ಯಾಪ್, ಅಂದರೆ ಟ್ರ್ಯಾಕ್‌ನ ಹತ್ತತ್ತು ಸುತ್ತು. ಸಮಯ ಸೆಕೆಂಡುಗಳಲ್ಲಿ.

ಎಡಪುಟ: 60.1, 60.4, 59.8, 61.9, 60.2, 60.0, 64.7, 60.3, 59.6, 60.9.

ಬಲಪುಟ: 60.5, 60.4, 60.6, 60.4, 60.3, 60.5, 60.7, 60.4, 60.5, 60.4.

ಎಡಪುಟ ಬರೆದ ದಿನ ಕುಣಿದಾಡಿದ್ದೆ. 59.6ರ ಸ್ಕ್ರೀನ್‌ಶಾಟ್ ತೆಗೆದು "ಅರವತ್ತರ ಕೆಳಗೆ ಇಳಿದೆ ಗುರು" ಅಂತ ಸ್ನೇಹಿತರಿಗೆಲ್ಲ ಕಳಿಸಿದ್ದೆ. ಬಲಪುಟ ಬರೆದ ದಿನ ಯಾರಿಗೂ ಏನೂ ಕಳಿಸಲಿಲ್ಲ. ಕಳಿಸುವಂಥದ್ದು ಏನಿದೆ ಅದರಲ್ಲಿ? ಆದರೆ ಕೂಡಿಸಿ ನೋಡಿ. ಎಡಪುಟದ ಹತ್ತು ಲ್ಯಾಪ್‌ಗೆ 607.9 ಸೆಕೆಂಡ್. ಬಲಪುಟಕ್ಕೆ 604.7. ಆ ಇಬ್ಬರು "ನಾನು"ಗಳನ್ನು ಒಂದೇ ರೇಸಿಗೆ ಬಿಟ್ಟಿದ್ದರೆ, ಸ್ಕ್ರೀನ್‌ಶಾಟ್ ಕಳಿಸಿದವನು 3.2 ಸೆಕೆಂಡ್ ಹಿಂದೆ ಉಳಿಯುತ್ತಿದ್ದ. ಅದೂ 64.7ರ ಲ್ಯಾಪ್‌ನಲ್ಲಿ ಹುಲ್ಲಿಗೆ ಇಳಿದಾಗ ಯಾರೂ ಬಂದು ಗುದ್ದದೇ ಇದ್ದರೆ.

ನಿಧಾನವಾಗಿ ಹೋಗಿ, ಜಾಣರಾಗಿ ಅನ್ನುವ ಉಪದೇಶ ಮಾಡಲು ಇದನ್ನು ಬರೆಯುತ್ತಿಲ್ಲ. ನನಗೂ ವೇಗ ಬೇಕು. ನನ್ನ ಮಾತು ಇಷ್ಟೇ: ತಕ್ಕಡಿ ಅಲುಗಾಡುತ್ತಿದ್ದರೆ ಕಾಲು ಕೇಜಿ ಹೆಚ್ಚಾಯಿತೋ ಕಮ್ಮಿಯಾಯಿತೋ ಹೇಗೆ ಗೊತ್ತಾಗುತ್ತದೆ? ಲ್ಯಾಪ್‌ನಿಂದ ಲ್ಯಾಪ್‌ಗೆ ಒಂದೊಂದು ಸೆಕೆಂಡ್ ಏರುಪೇರಾಗುವವನು ಬ್ರೇಕ್ ಐದು ಮೀಟರ್ ತಡ ಮಾಡಿ 0.1 ಸೆಕೆಂಡ್ ಗಳಿಸಿದರೂ ಅದು ಅವನ ಕಣ್ಣಿಗೆ ಬೀಳುವುದಿಲ್ಲ. ಮೊದಲು ತಕ್ಕಡಿ ನಿಲ್ಲಬೇಕು. ಅದನ್ನು ನಿಲ್ಲಿಸುವುದು ಹೇಗೆ ಅಂತ ಒಂದೊಂದೇ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಲೈಮ್ ರಾಕ್ ಮತ್ತು ಎಂಎಕ್ಸ್-5 ಅನ್ನೇ ಹಿಡಿದುಕೊಂಡಿದ್ದೇನೆ. ಐರೇಸಿಂಗ್ ಸೇರಿದವರಿಗೆಲ್ಲ ಮೊದಲ ದಿನದಿಂದಲೇ ಎರಡೂ ಸಿಗುತ್ತವೆ. ನೀವು ಗ್ರಾನ್ ಟೂರಿಸ್ಮೋ 7 ಅಥವಾ ಅಸೆಟ್ಟೊ ಕೊರ್ಸಾ ಕಾಂಪಿಟಿಟ್ಸಿಯೊನೆ ಆಡುವವರಾದರೂ ಕೆಲಸ ಅದೇ.

ಹಂತ 1: ಆಟ ಯಾವುದಕ್ಕೆ ಅಂಕ ಕೊಡುತ್ತದೆ ಅಂತ ನೋಡಿಕೊಳ್ಳಿ

ಐರೇಸಿಂಗ್‌ನಲ್ಲಿ ಎರಡು ಸಂಖ್ಯೆ ನಿಮ್ಮ ಬೆನ್ನಿಗಿರುತ್ತವೆ. ಒಂದು ಐರೇಟಿಂಗ್. ನೀವು ಯಾರ ಜೊತೆ ಓಡಿದಿರಿ, ಎಷ್ಟನೆಯವರಾಗಿ ಮುಗಿಸಿದಿರಿ ಅನ್ನುವುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ಚೆಸ್ ಆಡುವವರಿಗೆ ಈ ಲೆಕ್ಕ ಪರಿಚಯ. ನಿಮ್ಮ ಅತಿ ವೇಗದ ಲ್ಯಾಪ್ ಎಷ್ಟು ಅಂತ ಅದು ಕೇಳುವುದೇ ಇಲ್ಲ. ಇನ್ನೊಂದು ಸೇಫ್ಟಿ ರೇಟಿಂಗ್. ಎಷ್ಟು ತಿರುವು ದಾಟಿದಿರಿ, ಅಷ್ಟರಲ್ಲಿ ಎಷ್ಟು ಎಡವಟ್ಟು ಮಾಡಿದಿರಿ ಅನ್ನುವ ಲೆಕ್ಕ ಇದು. ಟ್ರ್ಯಾಕ್ ಬಿಟ್ಟು ಹೊರಗೆ ಹೋದರೆ 1 ಎಡವಟ್ಟಿನ ಅಂಕ, ಕಾರು ಕೈತಪ್ಪಿ ತಿರುಗಿದರೆ 2, ಇನ್ನೊಂದು ಕಾರಿಗೆ ಜೋರಾಗಿ ತಾಗಿದರೆ 4. ತಪ್ಪು ಯಾರದು ಅಂತ ಸಾಫ್ಟ್‌ವೇರ್ ವಿಚಾರಣೆ ಮಾಡುವುದಿಲ್ಲ. ಗುದ್ದಿದವನಿಗೂ ನಾಲ್ಕು, ಗುದ್ದಿಸಿಕೊಂಡವನಿಗೂ ನಾಲ್ಕು.

ಇದು ಅನ್ಯಾಯ ಅಂತ ಮೊದಲು ನನಗೂ ಉರಿಯುತ್ತಿತ್ತು. ಆಮೇಲೆ ಅರ್ಥವಾಯಿತು. ನಮ್ಮ ರಸ್ತೆಯಲ್ಲೂ ಹಾಗೇ ಅಲ್ವಾ? ಎದುರಿನವನು ಒನ್‌ವೇಯಲ್ಲಿ ನುಗ್ಗಿ ಬಂದರೆ ತಪ್ಪು ಅವನದೇ. ಆದರೆ ಬಂಪರ್ ನಮ್ಮದೂ ಹೋಗಿರುತ್ತದೆ.

ಗ್ರಾನ್ ಟೂರಿಸ್ಮೋದಲ್ಲಿ ಡ್ರೈವರ್ ರೇಟಿಂಗ್ ಜೊತೆಗೆ ನಡತೆಗೇ ಬೇರೆ ರೇಟಿಂಗ್ ಇದೆ. ಕಾಂಪಿಟಿಟ್ಸಿಯೊನೆಯಂತೂ ಏಕರೂಪತೆಗೇ ಒಂದು ಪ್ರತ್ಯೇಕ ಅಂಕ ಇಟ್ಟಿದೆ: ಹಿಂದಿನ ಲ್ಯಾಪ್‌ನಂತೆಯೇ ಮುಂದಿನದನ್ನೂ ಹೊಡೆಯುತ್ತೀರಾ ಅಂತ ನೋಡುತ್ತದೆ. ಆಟ ಮಾಡಿದವರೇ ಇದನ್ನು ಅಳೆಯುತ್ತಿದ್ದಾರೆ ಅಂದಮೇಲೆ ನಾವು ಯಾಕೆ ಬಿಡಬೇಕು?

ಹಂತ 2: ಅಲುಗಾಡುವುದನ್ನೆಲ್ಲ ಬಿಗಿ ಮಾಡಿ

ಅಭ್ಯಾಸಕ್ಕೂ ಮೊದಲಿನ ಕೆಲಸ ಇದು. ಊಟದ ಮೇಜಿಗೆ ಸ್ಟೀರಿಂಗ್ ಕಟ್ಟಿ, ಚಕ್ರದ ಕುರ್ಚಿಯಲ್ಲಿ ಕೂತು, ಗ್ರಾನೈಟ್ ನೆಲದ ಮೇಲೆ ಪೆಡಲ್ ಇಟ್ಟವರು ಏಕರೂಪತೆಯ ಬಗ್ಗೆ ಯೋಚಿಸುವುದೇ ದಂಡ. ಬ್ರೇಕ್ ಒತ್ತಿದಾಗ ಕುರ್ಚಿ ಹಿಂದೆ ಹೋಗುತ್ತದೆ, ಪೆಡಲ್ ಮುಂದೆ ಹೋಗುತ್ತದೆ. ಒತ್ತಿದ್ದು ಎಷ್ಟು ಅಂತ ಕಾಲಿಗೆ ಹೇಗೆ ತಿಳಿಯಬೇಕು? ನಾನು ಎರಡು ವರ್ಷ ಹೀಗೇ ಆಡಿದೆ. ಕೊನೆಗೆ ಪರಿಹಾರ ಸಿಕ್ಕಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ: ಪೆಡಲ್ ಹಿಂದೆ ಗೋಡೆಗೆ ಆನಿಸಿದ ಒಂದು ಮರದ ಹಲಗೆ, ಕುರ್ಚಿಗೂ ಪೆಡಲ್‌ಗೂ ಸೇರಿಸಿ ಕಟ್ಟಿದ ಲಗೇಜ್ ಬೆಲ್ಟ್. ಇನ್ನೂರು ರೂಪಾಯಿ ದಾಟಲಿಲ್ಲ. ದುಬಾರಿ ಡೈರೆಕ್ಟ್ ಡ್ರೈವ್ ಸ್ಟೀರಿಂಗ್‌ಗಿಂತ ಈ ಹಲಗೆ ಜಾಸ್ತಿ ಕೆಲಸ ಮಾಡಿದೆ ಅಂತ ಈಗಲೂ ಹೇಳುತ್ತೇನೆ.

ದುಡ್ಡು ಹಾಕಲೇಬೇಕು ಅನ್ನಿಸಿದರೆ ಬ್ರೇಕ್ ಪೆಡಲ್‌ಗೆ ಹಾಕಿ. ಲೋಡ್ ಸೆಲ್ ಇರುವ ಬ್ರೇಕ್, ಪೆಡಲ್ ಎಷ್ಟು ದೂರ ಹೋಯಿತು ಅಂತ ನೋಡುವುದಿಲ್ಲ. ಎಷ್ಟು ಜೋರಾಗಿ ಒತ್ತಿದಿರಿ ಅಂತ ನೋಡುತ್ತದೆ. ನಮ್ಮ ಕಾಲಿಗೆ ದೂರಕ್ಕಿಂತ ಒತ್ತಡ ಚೆನ್ನಾಗಿ ನೆನಪಿರುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕುರ್ಚಿ ಎಲ್ಲಿರಬೇಕು ಅಂತ ನೆಲದ ಮೇಲೆ ಟೇಪ್ ಅಂಟಿಸಿ. ಪರದೆಯ ನೋಟದ ಕೋನವನ್ನು ಒಮ್ಮೆ ಲೆಕ್ಕ ಹಾಕಿ ಹೊಂದಿಸಿ, ಆಮೇಲೆ ಮುಟ್ಟಬೇಡಿ. ವೈಫೈ ಬಿಟ್ಟು ಕೇಬಲ್ ಹಾಕಿ. ರೌಟರ್‌ಗೂ ಯುಪಿಎಸ್ ಕೊಡಿ. ಕೊನೆ ಲ್ಯಾಪ್‌ನಲ್ಲಿ ಮೂರನೆಯ ಸ್ಥಾನದಲ್ಲಿದ್ದಾಗ ಕರೆಂಟ್ ಹೋಗಿ, ಕಂಪ್ಯೂಟರ್ ಉಳಿದು, ಇಂಟರ್‌ನೆಟ್ ಮಾತ್ರ ಹೋದವನ ಮಾತು ಇದು.

ಹಂತ 3: ಒಂದು ಕಾರು, ಒಂದು ಟ್ರ್ಯಾಕ್, ಎರಡು ವಾರ

ಹೊಸಬರು ಎಡವುವುದು ಇಲ್ಲೇ. ಸೋಮವಾರ ಜಿಟಿ3 ಪೋರ್ಶೆ, ಮಂಗಳವಾರ ಫಾರ್ಮುಲಾ ಕಾರು, ಬುಧವಾರ ಜರ್ಮನಿಯ ನೂರ್‌ಬರ್ಗ್‌ರಿಂಗ್‌ನ 20.8 ಕಿಲೋಮೀಟರ್ ಉದ್ದದ ನಾರ್ಡ್‌ಶ್ಲೈಫ. ಮಜಾ ಇರುತ್ತದೆ, ಇಲ್ಲ ಅನ್ನಲ್ಲ. ಕಲಿಕೆ ಇರುವುದಿಲ್ಲ.

ಲೈಮ್ ರಾಕ್ ಚಿಕ್ಕ ಟ್ರ್ಯಾಕ್. ಉದ್ದ ಸುಮಾರು ಒಂದೂವರೆ ಮೈಲಿ, ಏಳು ತಿರುವು. ಅದರಲ್ಲಿ ಎಡಕ್ಕೆ ಹೋಗುವುದು ಒಂದೇ ಒಂದು, ಅದರ ಹೆಸರೂ ಲೆಫ್ಟ್ ಹ್ಯಾಂಡರ್. ಮಿಕ್ಕಿದ್ದೆಲ್ಲ ಬಲಕ್ಕೆ. ಎಂಎಕ್ಸ್-5ನಲ್ಲಿ ಒಂದು ಸುತ್ತಿಗೆ ನಿಮಿಷದ ಆಸುಪಾಸು. ಹಾಗಾಗಿ ಅರ್ಧ ಗಂಟೆಯಲ್ಲಿ ಪ್ರತಿ ತಿರುವನ್ನೂ ಹೆಚ್ಚುಕಮ್ಮಿ ಮೂವತ್ತು ಸಲ ತೆಗೆದುಕೊಳ್ಳಬಹುದು. ನಾರ್ಡ್‌ಶ್ಲೈಫದಲ್ಲಿ ಅಷ್ಟೇ ಹೊತ್ತಿಗೆ ಒಂದು ತಿರುವು ನಾಲ್ಕು ಸಲ ಸಿಕ್ಕರೆ ಹೆಚ್ಚು.

ಚಾರ್ಮಾಡಿ ಘಾಟಿ ಇಳಿಸುವ ಬಸ್ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದೀರಾ? ಯಾವ ತಿರುವಿಗೆ ಯಾವ ಗೇರ್, ಯಾವ ಮರದ ಹತ್ತಿರ ಹಾರ್ನ್ ಅಂತ ಕೈಗೆ ಗೊತ್ತಿರುತ್ತದೆ. ಬಾಯಿ ಕಂಡಕ್ಟರ್ ಜೊತೆ ಮಾತಾಡುತ್ತಿರುತ್ತದೆ. ನಮಗೆ ಬೇಕಾಗಿರುವುದು ಆ ಕೈ.

ಹಂತ 4: ಕದಲದ ಗುರುತು ಹಿಡಿಯಿರಿ

ಸ್ಯಾಮ್ ಪೋಸಿ ಸ್ಟ್ರೇಟ್ ಲೈಮ್ ರಾಕ್‌ನ ಉದ್ದನೆಯ ನೇರ ರಸ್ತೆ. ಅದರ ತುದಿಯಲ್ಲಿ ಬಿಗ್ ಬೆಂಡ್ ಅನ್ನುವ ದೊಡ್ಡ ಬಲತಿರುವು. ಅಲ್ಲಿಗೆ ಗಂಟೆಗೆ 160 ಕಿಲೋಮೀಟರ್‌ನಲ್ಲಿ ಬರುತ್ತಿದ್ದೀರಿ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 44 ಮೀಟರ್. ಬ್ರೇಕ್ ಮೇಲೆ ಕಾಲಿಡುವುದು 0.1 ಸೆಕೆಂಡ್ ತಡವಾದರೆ 4.4 ಮೀಟರ್ ಮುಂದೆ ಹೋಗಿರುತ್ತೀರಿ. ಎಂಎಕ್ಸ್-5 ಕಾರಿನ ಉದ್ದವೇ ನಾಲ್ಕು ಮೀಟರ್ ಇಲ್ಲ. "ಇಲ್ಲೇ ಎಲ್ಲೋ ಬ್ರೇಕ್ ಹೊಡೆಯೋದು" ಅನ್ನುವವರ ಲ್ಯಾಪ್ ಸಮಯ ಯಾಕೆ ಕುಣಿಯುತ್ತದೆ ಅಂತ ಈಗ ಗೊತ್ತಾಯಿತಲ್ಲ?

ಪ್ರತಿ ಬ್ರೇಕಿಂಗ್ ಜಾಗಕ್ಕೂ ಒಂದು ಗುರುತು ಬೇಕು. ಕರ್ಬ್ (ತಿರುವಿನ ಅಂಚಿನ ಬಣ್ಣದ ಪಟ್ಟಿ) ಶುರುವಾಗುವ ಜಾಗ, ಟಾರಿನ ತೇಪೆ, ಬೇಲಿಯಲ್ಲಿನ ಸಂದಿ ಯಾವುದಾದರೂ ಆಗಬಹುದು. ನೆರಳನ್ನು ಗುರುತು ಮಾಡಿಕೊಳ್ಳಬೇಡಿ. ಆಟದಲ್ಲಿ ಹೊತ್ತು ಬದಲಾದರೆ ನೆರಳೂ ಸರಿಯುತ್ತದೆ. ಗುದ್ದಿದರೆ ಬೀಳುವ ಕೋನ್ ಕೂಡ ಬೇಡ. ಮೊದಲ ಲ್ಯಾಪ್‌ನಲ್ಲೇ ಯಾರೋ ಅದನ್ನು ಹಾರಿಸಿಕೊಂಡು ಹೋಗಿರುತ್ತಾರೆ, ನೀವು ಅದನ್ನು ಹುಡುಕುತ್ತಾ ನೇರ ಬೇಲಿಗೆ ಹೋಗುತ್ತೀರಿ. ಮುಂದೆ ಕಾರು ಇದ್ದಾಗಲೂ ಕಾಣುವಂತೆ ಗುರುತು ರಸ್ತೆಯ ಪಕ್ಕಕ್ಕಿರಲಿ.

ಗುರುತುಗಳನ್ನು ಬರೆದುಕೊಳ್ಳಿ. ಬಾಯಲ್ಲಿ ಹೇಳಿಕೊಂಡು ಓಡಿಸಿ. "ತೇಪೆ, ಬ್ರೇಕ್, ಮೂರನೇ ಗೇರ್, ಬಿಡು, ಬಿಡು, ಗ್ಯಾಸ್." ಗ್ಯಾಸ್ ಅಂದರೆ ಆಕ್ಸಿಲರೇಟರ್. ಮನೆಯವರು ನಗುತ್ತಾರೆ. ನಗಲಿ.

ಹಂತ 5: ಹತ್ತು ಲ್ಯಾಪ್‌ನ ಪಾಠ

ಇದೇ ಮುಖ್ಯ ಕಸರತ್ತು. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ನಿಮ್ಮ ಅತಿ ವೇಗದ ಲ್ಯಾಪ್ ತೆಗೆದುಕೊಳ್ಳಿ. ಅದಕ್ಕೆ ನೂರಕ್ಕೆ ಒಂದರಷ್ಟು ಸೇರಿಸಿ. 60 ಸೆಕೆಂಡ್ ಇದ್ದರೆ 60.6. ಅದು ನಿಮ್ಮ ಗುರಿ. ರೇಸಿಗೆ ಎಷ್ಟು ಇಂಧನ ಹಾಕುತ್ತೀರೋ ಅಷ್ಟೇ ಹಾಕಿಕೊಂಡು ಖಾಲಿ ಟ್ರ್ಯಾಕ್‌ಗೆ ಇಳಿಯಿರಿ. ಐದು ಲೀಟರ್ ಹಾಕಿಕೊಂಡು ಹಗುರಾದ ಕಾರಿನಲ್ಲಿ ಹೊಡೆದ ಸಮಯ ರೇಸಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪರದೆಯ ಮೇಲಿನ ಡೆಲ್ಟಾ ಬಾರ್ ಆಫ್ ಮಾಡಿ. ಹಸಿರು ಕೆಂಪು ಬಣ್ಣ ತೋರಿಸುತ್ತಾ, ಈಗ ಎಷ್ಟು ಮುಂದಿದ್ದೀರಿ, ಎಷ್ಟು ಹಿಂದಿದ್ದೀರಿ ಅಂತ ಕ್ಷಣ ಕ್ಷಣಕ್ಕೂ ಹೇಳುತ್ತದಲ್ಲ, ಅದೇ. ಹಸಿರು ಕಂಡರೆ ದುರಾಸೆ ಬರುತ್ತದೆ. ಕೆಂಪು ಕಂಡರೆ ಕೋಪ ಬರುತ್ತದೆ. ಎರಡೂ ಮುಂದಿನ ತಿರುವನ್ನು ಹಾಳು ಮಾಡುತ್ತವೆ.

ಈಗ ಸತತ ಹತ್ತು ಲ್ಯಾಪ್ ಹೊಡೆಯಿರಿ. ನಿಯಮ ಎರಡೇ. ನಾಲ್ಕೂ ಚಕ್ರ ಹೊರಗೆ ಹೋದರೆ ಅಥವಾ ಕಾರು ತಿರುಗಿದರೆ ಎಣಿಕೆ ಮತ್ತೆ ಒಂದರಿಂದ ಶುರು. ಹತ್ತೂ ಲ್ಯಾಪ್ ಒಂದು ಸೆಕೆಂಡಿನ ಒಳಗೆ ಇರಬೇಕು: ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಒಂದು ಸೆಕೆಂಡಿಗಿಂತ ಜಾಸ್ತಿ ಅಂತರ ಇರಬಾರದು. ಕಾರು ನಿಂತಲ್ಲಿಂದ ಹೊರಡುವ ಮೊದಲ ಸುತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸುಲಭ ಅನ್ನಿಸುತ್ತದೆ. ಆರನೇ ಲ್ಯಾಪ್‌ವರೆಗೂ ಸುಲಭವೇ. ಏಳು ಮತ್ತು ಎಂಟರಲ್ಲಿ ಬೇಜಾರು ಶುರುವಾಗುತ್ತದೆ, ಮನಸ್ಸು ನಾಳೆಯ ಆಫೀಸ್ ಮೀಟಿಂಗ್‌ಗೆ ಹೋಗುತ್ತದೆ. ಒಂಬತ್ತರಲ್ಲಿ "ಅಯ್ಯೋ, ಇನ್ನೊಂದೇ ಲ್ಯಾಪ್" ಅಂತ ಕೈ ಬಿಗಿಯಾಗುತ್ತದೆ. ನಾನು ಮೊದಲ ಸಲ ಹತ್ತು ಮುಗಿಸಲು ನಾಲ್ಕು ಸಂಜೆ ಹಿಡಿಯಿತು. ಮೂರು ಸಲ ಒಂಬತ್ತನೇ ಲ್ಯಾಪ್‌ನಲ್ಲೇ ಹುಲ್ಲಿಗೆ ಹೋದೆ, ಮೂರೂ ಸಲ ಕೊನೆಯ ತಿರುವು ಡೌನ್‌ಹಿಲ್‌ನಲ್ಲಿ. ಅದು ಇಳಿಜಾರಿನಲ್ಲಿ ಬರುವ ವೇಗದ ಬಲತಿರುವು. ಹೆದರಿ ಅರ್ಧದಲ್ಲಿ ಗ್ಯಾಸ್ ಬಿಟ್ಟರೆ ಕಾರಿನ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗುತ್ತದೆ, ಹಿಂಭಾಗ ಜಾರುತ್ತದೆ. ಮೊದಲೇ ಸ್ವಲ್ಪ ನಿಧಾನವಾಗಿ, ಆಮೇಲೆ ಗ್ಯಾಸ್ ಬಿಡದೇ ಹೋಗಬೇಕು. ಹತ್ತು ಲ್ಯಾಪ್‌ನ ಪಾಠ ಇಲ್ಲದಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ. "ಯಾಕೋ ಇವತ್ತು ಅದೃಷ್ಟ ಸರಿಯಿಲ್ಲ" ಅಂದುಕೊಂಡು ಮಲಗುತ್ತಿದ್ದೆ.

ಒಂದು ಸೆಕೆಂಡಿನ ಒಳಗೆ ಮೂರು ದಿನ ಬಂತಾ? ಅಂತರವನ್ನು ಅರ್ಧ ಸೆಕೆಂಡಿಗೆ ಇಳಿಸಿ. ಅದೂ ಬಂತಾ? ಈಗ ತಕ್ಕಡಿ ನಿಂತಿದೆ.

ಹಂತ 6: ಈಗ ವೇಗ ಹುಡುಕಿ, ಒಂದು ಸಲಕ್ಕೆ ಒಂದೇ ತಿರುವಿನಲ್ಲಿ

ವೇಗದ ಅಭ್ಯಾಸವನ್ನು ಬೇರೆ ದಿನ ಇಟ್ಟುಕೊಳ್ಳಿ. ವಾರಕ್ಕೆ ನಾಲ್ಕು ದಿನ ಆಡಿದರೆ ಒಂದು ದಿನ ಇದಕ್ಕೆ. ಆ ದಿನ ಎಷ್ಟು ಸಲ ತಿರುಗಿದರೂ ಬೇಸರ ಬೇಡ. ಮಿತಿ ಎಲ್ಲಿದೆ ಅಂತ ದಾಟಿಯೇ ನೋಡಬೇಕು.

ಆದರೆ ಬದಲಾವಣೆ ಒಂದೇ ಇರಲಿ. ಬಿಗ್ ಬೆಂಡ್‌ನಲ್ಲಿ ಬ್ರೇಕ್ ಮೂರು ಮೀಟರ್ ತಡ ಮಾಡಿ, ಉಳಿದ ಆರು ತಿರುವನ್ನು ಹಳೆಯ ಥರವೇ ಓಡಿಸಿ, ಐದು ಲ್ಯಾಪ್ ಹೊಡೆಯಿರಿ. ಐದರ ಸರಾಸರಿ ಇಳಿಯಿತಾ? ಇಟ್ಟುಕೊಳ್ಳಿ. ಒಂದು ಲ್ಯಾಪ್ ಮಾತ್ರ ಚೆನ್ನಾಗಿ ಬಂದು ನಾಲ್ಕು ಕೆಟ್ಟಿತಾ? ಬಿಟ್ಟುಬಿಡಿ, ಅದು ನಿಮ್ಮ ವೇಗ ಅಲ್ಲ, ಲಾಟರಿ.

ಬಹಳ ಸಲ ತಡವಾಗಿ ಬ್ರೇಕ್ ಹೊಡೆದವರಿಗೆ ನಷ್ಟವೇ ಆಗುತ್ತದೆ. ತಿರುವಿನ ಒಳಗೆ ಬೇಗ ಹೋದ ಖುಷಿ ಒಂದು ಕ್ಷಣದ್ದು. ಹೊರಗೆ ಬರುವಾಗ ಗ್ಯಾಸ್ ತಡವಾದರೆ ಆ ನಷ್ಟ ಮುಂದಿನ ನೇರ ರಸ್ತೆಯ ಉದ್ದಕ್ಕೂ ಜೊತೆಗೇ ಬರುತ್ತದೆ. ಡೌನ್‌ಹಿಲ್‌ನಿಂದ ಹೊರಬರುವಾಗ ಗಂಟೆಗೆ ಮೂರು ಕಿಲೋಮೀಟರ್ ಕಮ್ಮಿ ಇದ್ದರೆ ಸ್ಯಾಮ್ ಪೋಸಿ ಸ್ಟ್ರೇಟ್ ಪೂರ್ತಿ ಅದನ್ನು ಹೊತ್ತುಕೊಂಡೇ ಹೋಗಬೇಕು.

ನಿಮಗಿಂತ ಎರಡು ಸೆಕೆಂಡ್ ಮುಂದಿರುವವನ ವಿಡಿಯೋ ನೋಡಿ ಅವನ ಬ್ರೇಕ್ ಗುರುತನ್ನು ನಕಲು ಮಾಡಲು ಹೋಗಬೇಡಿ. ಅವನು ಬ್ರೇಕ್ ಹೊಡೆಯುವ ಜಾಗ ಅಲ್ಲ ಗುಟ್ಟು, ಬಿಡುವ ರೀತಿ. ಕಾರು ತಿರುಗುತ್ತಾ ಹೋದಂತೆ ಪೆಡಲ್ ನಿಧಾನವಾಗಿ ಬಿಡುತ್ತಾ ಹೋಗುತ್ತಾನೆ. ಅದು ವಿಡಿಯೋದಲ್ಲಿ ಕಾಣದು. ಟೆಲಿಮೆಟ್ರಿಯ, ಅಂದರೆ ಕಾರಿನ ಕ್ಷಣ ಕ್ಷಣದ ಲೆಕ್ಕ ತೋರಿಸುವ ಗ್ರಾಫ್‌ನ, ಬ್ರೇಕ್ ಗೆರೆಯಲ್ಲಿ ಕಾಣುತ್ತದೆ. ನಮ್ಮ ಗೆರೆ ಗೋಡೆಯಂತೆ ಧಡಕ್ಕನೆ ಬೀಳುತ್ತದೆ. ಅವನದು ಗುಡ್ಡದ ಇಳಿಜಾರಿನಂತೆ ಇಳಿಯುತ್ತದೆ.

ಹಂತ 7: ಮೊದಲ ಸುತ್ತು ದಾಟಿ

ರೇಸಿನ ದಿನ ಬಂತು. ಅರ್ಹತಾ ಸುತ್ತಿನಲ್ಲಿ ಮೊದಲು ಒಂದು ಸುರಕ್ಷಿತ ಲ್ಯಾಪ್ ಹೊಡೆದು ಇಟ್ಟುಕೊಳ್ಳಿ, ಆಮೇಲೆ ಬೇಕಾದರೆ ಜೂಜಾಡಿ. ಸಮಯವೇ ಇಲ್ಲದೆ ಕೊನೆಯಲ್ಲಿ ನಿಂತರೆ, ಮುಂದಿರುವ ಗಲಾಟೆಯೆಲ್ಲ ನಿಮ್ಮ ಪಾಲಿಗೆ.

ಹಸಿರು ದೀಪ ಬಿದ್ದ ಮೇಲೆ ನೆನಪಿಡಬೇಕಾದ್ದು: ನಿಮ್ಮ ಬ್ರೇಕ್ ಗುರುತು ಈ ಒಂದು ಸಲ ಸುಳ್ಳು. ಮುಂದೆ ಹತ್ತು ಕಾರು ಇದ್ದರೆ ಮೊದಲನೆಯವನು ಸರಿಯಾದ ಜಾಗದಲ್ಲಿ ಬ್ರೇಕ್ ಹೊಡೆಯುತ್ತಾನೆ. ಎರಡನೆಯವನು ಸ್ವಲ್ಪ ಮೊದಲೇ ಹೊಡೆಯಬೇಕು, ಮೂರನೆಯವನು ಇನ್ನೂ ಮೊದಲು. ಸಿಲ್ಕ್ ಬೋರ್ಡ್‌ನಲ್ಲಿ ಮುಂದೆಲ್ಲೋ ಒಬ್ಬ ಬ್ರೇಕ್ ಒತ್ತಿದರೆ ಹಿಂದೆ ಇಪ್ಪತ್ತನೆಯವನು ಪೂರ್ತಿ ನಿಲ್ಲುವುದಿಲ್ಲವೇ, ಹಾಗೆ. ಅದರ ಮೇಲೆ, ಮುಂದಿನ ಕಾರಿನ ಗಾಳಿಯ ಮರೆಯಲ್ಲಿದ್ದಾಗ ನೀವು ಮಾಮೂಲಿಗಿಂತ ವೇಗವಾಗಿ ಬಂದಿರುತ್ತೀರಿ. ಕಾರನ್ನು ನಿಧಾನ ಮಾಡಲು ನೆರವಾಗುವ ಎದುರುಗಾಳಿಯೂ ಕಮ್ಮಿ.

ಆದ್ದರಿಂದ ಮುಂದಿನ ಕಾರಿನ ಬಂಪರ್ ನೋಡಬೇಡಿ, ಅದರಾಚೆ ಮೂರನೇ ಕಾರು ನೋಡಿ. ಮಾಮೂಲಿ ಗುರುತಿಗಿಂತ ಎರಡು ಮೂರು ಕಾರಿನ ಉದ್ದದಷ್ಟು ಮೊದಲೇ ಪೆಡಲ್ ಮುಟ್ಟಿ. ಒಂದು ಸ್ಥಾನ ಕಳೆದುಕೊಳ್ಳಬಹುದು. ಪರವಾಗಿಲ್ಲ. ತಿರುವಿನ ನಡುವೆ ಇಬ್ಬರೋ ಮೂವರೋ ತಾಗಿಕೊಂಡು ಹುಲ್ಲಿಗೆ ಹೋಗುವುದನ್ನು ಕನ್ನಡಿಯಲ್ಲಿ ಅಲ್ಲ, ಎದುರಿಗೇ ನೋಡುತ್ತೀರಿ. ದಾಟಿಕೊಂಡು ಹೋಗಲು ನಿಮಗೆ ಜಾಗ ಇರುತ್ತದೆ.

ನಮ್ಮ ಊರಿನಿಂದ ಆಡುವವರಿಗೆ ಇನ್ನೊಂದು ಮಾತು. ಸರ್ವರ್ ದೂರದ ದೇಶದಲ್ಲಿದ್ದರೆ ನಿಮ್ಮ ಪರದೆಯಲ್ಲಿ ಕಾಣುವ ಪಕ್ಕದ ಕಾರು ನಿಜವಾಗಿ ಅಲ್ಲೇ ಇಲ್ಲ. ಅದು ಎಲ್ಲಿರಬಹುದು ಅಂತ ಸಾಫ್ಟ್‌ವೇರ್ ಊಹೆ ಮಾಡಿ ತೋರಿಸುತ್ತದೆ. ನಿಮಗೆ ಒಂದು ಅಡಿ ಜಾಗ ಕಂಡರೂ ಅವನ ಪರದೆಯಲ್ಲಿ ನೀವು ತಾಗಿರಬಹುದು. ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) 150 ಮಿಲಿಸೆಕೆಂಡ್ ದಾಟಿದ್ದರೆ ಒಂದು ಅಡಿ ಬಿಡುವ ಕಡೆ ಮೂರು ಅಡಿ ಬಿಡಿ.

ಹಂತ 8: ಹಿಂದಿನವನು ಬಂದಾಗ, ಮುಂದಿನವನು ಸಿಕ್ಕಾಗ

ತಾಳ್ಮೆ ಅಂದರೆ ದಾರಿ ಬಿಟ್ಟುಕೊಡುವುದು ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಯಾವಾಗ ಜಗಳ ಆಡಿದರೆ ಲಾಭ ಅಂತ ಲೆಕ್ಕ ಹಾಕುವುದು.

ನಿಮ್ಮ ಮುಂದೆ ಒಬ್ಬನಿದ್ದಾನೆ, ಲ್ಯಾಪ್‌ಗೆ 0.2 ಸೆಕೆಂಡ್ ನಿಧಾನ. ಇನ್ನೂ ಹದಿನೈದು ಲ್ಯಾಪ್ ಇದೆ. ಏನು ಅವಸರ? ಎರಡು ಮೂರು ಲ್ಯಾಪ್ ಸುಮ್ನೆ ಹಿಂದೆ ಹೋಗಿ. ಅವನು ಎಲ್ಲಿ ತಡವರಿಸುತ್ತಾನೆ ನೋಡಿ. ಒಬ್ಬ ವೆಸ್ಟ್ ಬೆಂಡ್ ಅನ್ನುವ ತಿರುವಿನಲ್ಲಿ ಪ್ರತಿ ಸಲ ಅಗಲಕ್ಕೆ ಹೋಗುತ್ತಾನೆ, ಇನ್ನೊಬ್ಬ ಡೌನ್‌ಹಿಲ್‌ನಲ್ಲಿ ಹೆದರುತ್ತಾನೆ. ಎರಡನೆಯವನು ಸಿಕ್ಕರೆ ಹಬ್ಬ. ಅಲ್ಲಿ ಅವನಿಗಿಂತ ಚೆನ್ನಾಗಿ ಹೊರಬಂದು, ಸ್ಯಾಮ್ ಪೋಸಿ ಸ್ಟ್ರೇಟ್‌ನಲ್ಲಿ ಅವನ ಗಾಳಿಮರೆ ಹಿಡಿದು, ಬಿಗ್ ಬೆಂಡ್ ಬರುವ ಮೊದಲೇ ಪಕ್ಕಕ್ಕೆ ಬನ್ನಿ. ಬ್ರೇಕ್ ಹೊಡೆಯುವ ಮೊದಲೇ ನಿಮ್ಮ ಮೂಗು ಅವನ ಬಾಗಿಲಿನ ಪಕ್ಕ ಇದ್ದರೆ ಮಾತ್ರ ಒಳಗೆ ಹೋಗಿ. ಇಲ್ಲವಾ? ಇನ್ನೊಂದು ಸುತ್ತು ಕಾಯಿರಿ.

ಈಗ ತಿರುಗಿಸಿ ನೋಡೋಣ. ಹಿಂದಿನವನು ಬಿಗ್ ಬೆಂಡ್‌ನಲ್ಲಿ ಒಳಗೆ ನುಗ್ಗಿದ. ಬಾಗಿಲು ಹಾಕಬೇಡಿ, ಅಂದರೆ ಅಡ್ಡ ಬಂದು ದಾರಿ ಮುಚ್ಚಬೇಡಿ. ಹೊರಗಡೆ, ಅಂದರೆ ಎಡಕ್ಕೆ, ಜಾಗ ಬಿಟ್ಟು ಓಡಿಸಿ. ಬಿಗ್ ಬೆಂಡ್ ಉದ್ದನೆಯ ತಿರುವು, ಒಳಗಿನ ಅಂಚನ್ನು ಎರಡು ಸಲ ಮುಟ್ಟಿಸುವಂಥದ್ದು. ತಡವಾಗಿ ಬ್ರೇಕ್ ಹೊಡೆದು ನುಗ್ಗಿದವನು ನಡುವೆ ಅಗಲಕ್ಕೆ ಜಾರುತ್ತಾನೆ, ಅವನ ಹಿಂದಿನಿಂದ ನೀವು ಒಳಗೆ ಕತ್ತರಿಸಿಕೊಂಡು ಬರಬಹುದು. ಜಾರಲಿಲ್ಲ ಅಂದರೂ ಚಿಂತೆಯಿಲ್ಲ. ಮುಂದೆ ಬರುವುದು ಲೆಫ್ಟ್ ಹ್ಯಾಂಡರ್. ಅಲ್ಲಿ ಎಡಗಡೆ ಇರುವವರೇ ಒಳಗಿನವರು. ಅಂದರೆ ನೀವೇ. ಹತ್ತು ಸೆಕೆಂಡ್ ತಾಳ್ಮೆ ಇದ್ದವರಿಗೆ ಆ ಟ್ರ್ಯಾಕ್ ಸ್ಥಾನ ವಾಪಸ್ ಕೊಡುತ್ತದೆ.

ಹಿಂದಿನವನು ನಿಜವಾಗಿಯೂ ನಿಮಗಿಂತ ಅರ್ಧ ಸೆಕೆಂಡ್ ವೇಗ ಇದ್ದರೆ? ನೇರ ರಸ್ತೆಯಲ್ಲಿ ಬಿಟ್ಟುಬಿಡಿ, ಅವನ ಬಾಲ ಹಿಡಿಯಿರಿ. ಅಕ್ಕಪಕ್ಕ ಜಗಳ ಆಡುತ್ತಾ ಹೋದರೆ ಇಬ್ಬರೂ ನಿಧಾನವಾಗಿ, ಹಿಂದಿರುವ ನಾಲ್ವರು ಬಂದು ಸೇರಿಕೊಳ್ಳುತ್ತಾರೆ.

ಇದು ಆಟಕ್ಕೆ ಮಾತ್ರ ಸಲ್ಲುವ ಲೆಕ್ಕ ಅಲ್ಲ. 1984ರ ಫಾರ್ಮುಲಾ ಒನ್‌ನಲ್ಲಿ ಮೆಕ್ಲಾರೆನ್ ತಂಡದ ಇಬ್ಬರೇ ಪ್ರಶಸ್ತಿಗೆ ಸೆಣಸಿದರು. ಅಲೆನ್ ಪ್ರಾಸ್ಟ್ ಏಳು ರೇಸ್ ಗೆದ್ದ, ನಿಕಿ ಲಾಡಾ ಐದು. ಲಾಡಾ ಆ ವರ್ಷ ಒಂದೇ ಒಂದು ರೇಸಿನಲ್ಲೂ ಮೊದಲ ಜಾಗದಿಂದ ಹೊರಡಲಿಲ್ಲ. ಪೋರ್ಚುಗಲ್‌ನ ಎಸ್ತೊರಿಲ್‌ನಲ್ಲಿ ನಡೆದ ಕೊನೆಯ ರೇಸನ್ನೂ ಗೆದ್ದಿದ್ದು ಪ್ರಾಸ್ಟ್. ಲಾಡಾ ಹನ್ನೊಂದನೇ ಜಾಗದಿಂದ ಹೊರಟು ಎರಡನೆಯವನಾಗಿ ಬಂದ. ಅಷ್ಟೇ ಸಾಕಿತ್ತು: ಲಾಡಾಗೆ 72, ಪ್ರಾಸ್ಟ್‌ಗೆ 71.5. ಅರ್ಧ ಅಂಕದಲ್ಲಿ ಲಾಡಾ ಚಾಂಪಿಯನ್.

ಹಂತ 9: ತಪ್ಪಾದ ಮೇಲಿನ ಮೂವತ್ತು ಸೆಕೆಂಡ್

ನಮ್ಮಲ್ಲಿ ಬಹಳ ಜನರ ರೇಸ್ ಹಾಳಾಗುವುದು ಮೊದಲ ತಪ್ಪಿನಿಂದ ಅಲ್ಲ, ಅದನ್ನು ಸರಿಮಾಡಲು ಹೋಗಿ ಮಾಡುವ ಎರಡನೆಯದರಿಂದ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿಲ್ಲ.

ಕಾರು ತಿರುಗಿತಾ? ಬ್ರೇಕ್ ಒತ್ತಿ ಹಿಡಿದುಕೊಳ್ಳಿ. ಕಾರು ಎಲ್ಲಿಗೆ ಜಾರುತ್ತದೆ ಅಂತ ಹಿಂದೆ ಬರುವವರಿಗೆ ಅಂದಾಜು ಸಿಗಲಿ. ನಿಂತ ಮೇಲೆ ಮ್ಯಾಪ್ ನೋಡಿ, ಎಲ್ಲರೂ ಹೋಗಲಿ. ಕ್ರ್ಯೂ ಚೀಫ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ಪಕ್ಕದಲ್ಲಿ ಕಾರು ಇದೆಯೋ ಇಲ್ಲವೋ ಅಂತ ಅದು ಕಿವಿಯಲ್ಲಿ ಹೇಳುತ್ತದೆ. ಹುಲ್ಲಿನಿಂದ ರಸ್ತೆಗೆ ನೇರವಾಗಿ ಅಡ್ಡ ಬರಬೇಡಿ. ಅಂಚಿನಲ್ಲೇ ಓಡುತ್ತಾ ವೇಗ ಹಿಡಿದು ಸೇರಿಕೊಳ್ಳಿ. ಟೈರಿಗೆ ಮಣ್ಣು ಅಂಟಿರುತ್ತದೆ, ಮುಂದಿನ ಎರಡು ತಿರುವು ಮೆಲ್ಲಗೆ.

ಕೋಪಕ್ಕೆ ನನ್ನ ಹತ್ತಿರ ಒಂದು ಮನೆಮದ್ದು ಇದೆ. ಗುದ್ದಿಸಿಕೊಂಡ ಮೇಲೆ ಚಾಟ್‌ನಲ್ಲಿ ಏನೂ ಟೈಪ್ ಮಾಡುವುದಿಲ್ಲ. ಒಂದು ಪೂರ್ತಿ ಲ್ಯಾಪ್ ನನ್ನ ಗುರುತುಗಳನ್ನು ಜೋರಾಗಿ ಹೇಳಿಕೊಂಡು ಓಡಿಸುತ್ತೇನೆ. ತೇಪೆ, ಬ್ರೇಕ್, ಮೂರನೇ ಗೇರ್. ಬಾಯಿಗೆ ಆ ಕೆಲಸ ಕೊಟ್ಟರೆ ಬೈಯಲು ಆಗುವುದಿಲ್ಲ.

ಹಂತ 10: ರಿಪ್ಲೇ ಮತ್ತು ನೋಟ್‌ಬುಕ್

ರೇಸ್ ಮುಗಿದ ತಕ್ಷಣ "ಇನ್ನೊಂದು" ಅಂತ ಬಟನ್ ಒತ್ತಬೇಡಿ. ಹತ್ತು ನಿಮಿಷ ರಿಪ್ಲೇಗೆ ಕೊಡಿ. ಗುದ್ದಾಟ ಆಗಿದ್ದರೆ ಅದನ್ನು ಎದುರಾಳಿಯ ಕ್ಯಾಮೆರಾದಿಂದ ನೋಡಿ. ನೂರಕ್ಕೆ ನೂರು ಅವನದೇ ತಪ್ಪು ಅಂದುಕೊಂಡಿದ್ದ ಎಷ್ಟೋ ಘಟನೆಗಳು ಅವನ ಕಿಟಕಿಯಿಂದ ನೋಡಿದಾಗ ಬೇರೆ ಥರ ಕಂಡಿವೆ. ಒಮ್ಮೆ ಕ್ಷಮೆ ಕೇಳಿ ಮೆಸೇಜ್ ಕೂಡ ಹಾಕಿದ್ದೇನೆ.

ಬರೆಯಬೇಕಾದ್ದು ಸ್ವಲ್ಪವೇ. ಅತಿ ವೇಗದ ಲ್ಯಾಪ್ ಬೇಡ, ಅದನ್ನು ಆಟವೇ ನೆನಪಿಟ್ಟುಕೊಳ್ಳುತ್ತದೆ. ಲ್ಯಾಪ್‌ಗಳನ್ನೆಲ್ಲ ವೇಗದ್ದರಿಂದ ನಿಧಾನದ್ದಕ್ಕೆ ಸಾಲಾಗಿ ಬರೆದು ನಡುವಿನದ್ದು ಯಾವುದು, ಅತಿ ಕೆಟ್ಟದ್ದು ಯಾವುದು, ಕೆಟ್ಟದ್ದಕ್ಕೆ ಕಾರಣ ಏನು ಅಂತ ಒಂದು ಸಾಲು. ಎಷ್ಟು ಎಡವಟ್ಟಿನ ಅಂಕ ಬಿತ್ತು. ಅಷ್ಟು ಸಾಕು.

ಒಂದು ತಿಂಗಳಾದ ಮೇಲೆ ಕಾರಣಗಳ ಸಾಲನ್ನು ಮಾತ್ರ ಓದುತ್ತಾ ಬನ್ನಿ. ನನ್ನ ಪುಟಗಳಲ್ಲಿ "ಡೌನ್‌ಹಿಲ್, ಗ್ಯಾಸ್ ಬಿಟ್ಟೆ" ಅಂತ ಹನ್ನೊಂದು ಸಲ ಇತ್ತು. "ಕನ್ನಡಿ ನೋಡ್ತಾ ಇದ್ದೆ" ಅಂತ ಆರು ಸಲ. "ರಾತ್ರಿ ಹನ್ನೆರಡು ದಾಟಿತ್ತು" ಅಂತ ಒಂಬತ್ತು ಸಲ. ಮೊದಲನೆಯದಕ್ಕೆ ಅಭ್ಯಾಸ ಮಾಡಿದೆ. ಎರಡನೆಯದಕ್ಕೆ ಕನ್ನಡಿಯನ್ನು ಪರದೆಯಲ್ಲಿ ಚಿಕ್ಕದು ಮಾಡಿದೆ. ಮೂರನೆಯದಕ್ಕೆ ಹನ್ನೊಂದೂವರೆಗೆ ಅಲಾರಂ ಇಟ್ಟಿದ್ದೇನೆ. ಅದು ಹೊಡೆದ ಮೇಲೆ ಹೊಸ ರೇಸಿಗೆ ಸೇರುವಂತಿಲ್ಲ. ವಾರದಲ್ಲಿ ಒಂದು ದಿನ ಮುರಿಯುತ್ತೇನೆ, ಮಾರನೇ ದಿನ ನೋಟ್‌ಬುಕ್‌ನಲ್ಲಿ ಅದೇ ಸಾಲು ಇನ್ನೊಂದು ಸಲ ಬರೆಯುತ್ತೇನೆ.